ಎರೆಹೊಲಕ್ಕೆಂದೇ ಹುಟ್ಟಿದ ಎತ್ತು

ದುಮ್ಮವಾಡದಿಂದ ಹುಬ್ಬಳ್ಳಿ ದಾಟಿ ನವಲಗುಂದದ ಕಡೆ ಸಾಗಿದರೆ ನೆಲ ಕಪ್ಪಾಗುತ್ತದೆ. ಒಣಗಿದಾಗ ಬಿರುಕು ಬಿಡುವ, ಹಸಿಯಾದಾಗ ಕಾಲಿಗೆ ಮೆತ್ತುವ ಎರೆಭೂಮಿ ಅದು. ಅಲ್ಲಿ ನೇಗಿಲು ಎಳೆಯುವುದು ಸಣ್ಣ ಎತ್ತುಗಳಿಂದ ಆಗುವ ಕೆಲಸವಲ್ಲ. ಇಂಥ ನೆಲಕ್ಕೆಂದೇ ರೂಪುಗೊಂಡದ್ದು ಕೃಷ್ಣಾ ಕಣಿವೆ ತಳಿ.

ಈ ತಳಿ ಬಹಳ ಹಳೆಯದೇನಲ್ಲ. ಹತ್ತೊಂಬತ್ತನೇ ಶತಮಾನದ ಕೊನೆಯಲ್ಲಿ ದಕ್ಷಿಣ ಮರಾಠಾ ಸಂಸ್ಥಾನಿಕರು ಗುಜರಾತಿನ ಗಿರ್, ಕಾಂಕ್ರೇಜ್ ಹಾಗೂ ಆಂಧ್ರದ ಒಂಗೋಲು ತಳಿಗಳನ್ನು ಸ್ಥಳೀಯ ದನಗಳೊಡನೆ ಕೂಡಿಸಿ ಇದನ್ನು ಬೆಳೆಸಿದರು. ಕೃಷ್ಣಾ, ಘಟಪ್ರಭಾ, ಮಲಪ್ರಭಾ ನದಿಗಳ ಬಯಲೇ ಇದರ ತವರು.

ಬೂದುಬಿಳಿ ಮೈಬಣ್ಣ, ಉಬ್ಬಿದ ಹಣೆ, ಗಿಡ್ಡ ಕೋಡು, ಜೋಲುವ ಗಂಗೆದೊಗಲು ಇದರ ಗುರುತು. ನಡಿಗೆ ನಿಧಾನ, ಬಲ ಅಪಾರ. ಮೆದುವಾದ ಗೊರಸು ಎರೆಹೊಲಕ್ಕೆ ಒಗ್ಗುತ್ತದೆ. ಕಲ್ಲು ರಸ್ತೆಯಲ್ಲಿ ಬೇಗ ಸವೆಯುತ್ತದೆ.

ಈ ದನದ ಕೀರ್ತಿ ಕಡಲನ್ನೂ ದಾಟಿತು. ಬಿಸಿಲು ತಾಳುವ ‘ಬ್ರಾಹ್ಮನ್’ ತಳಿಯನ್ನು ಅಮೆರಿಕದವರು ಬೆಳೆಸಿದಾಗ, ಗಿರ್, ಒಂಗೋಲುಗಳ ಜೊತೆಗೆ ಕೃಷ್ಣಾ ಕಣಿವೆಯ ರಕ್ತವೂ ಅದರಲ್ಲಿ ಸೇರಿತು.

ಆದರೆ ತವರಿನಲ್ಲೇ ಇದರ ಸಂಖ್ಯೆ ಕುಗ್ಗಿದೆ. ಟ್ರ್ಯಾಕ್ಟರ್ ಬಂದ ಮೇಲೆ ಉಳುವ ಎತ್ತಿಗೆ ಕೆಲಸ ತಪ್ಪಿತು. ಶುದ್ಧ ಹೋರಿ ಸಿಗದಿದ್ದರೆ ಆಕಳಿಗೆ ಬೇರೆ ತಳಿಯ ಹೋರಿ ಬಿಡುವುದು ಅನಿವಾರ್ಯ. ಹಾಗೆ ಬೆರೆತ ರಕ್ತವನ್ನು ಮತ್ತೆ ಬೇರ್ಪಡಿಸಲಾಗದು. ತಳಿ ಅಳಿಯುವುದು ರೋಗದಿಂದಷ್ಟೇ ಅಲ್ಲ, ಹೀಗೆ ಸದ್ದಿಲ್ಲದೆಯೂ. ಒಂದು ಊರಿನಲ್ಲಿ ಒಂದೇ ಒಳ್ಳೆಯ ಹೋರಿ ಉಳಿದರೂ ಸುತ್ತಲಿನ ಆಕಳುಗಳ ತಳಿ ಉಳಿದೀತು.