ಅತಿಥಿಗಳೆಂದು ಕರೆದು ಮನೆಯ ಭಾರ ಹೊರಿಸಿದವರು

ಸಂತೇಬೆನ್ನೂರು, ಚನ್ನಗಿರಿ, ಹೊನ್ನಾಳಿ, ಜಗಳೂರು ಸೀಮೆಯ ಬಡ ಮನೆಗಳ ಮಕ್ಕಳಿಗೆ ಪದವಿ ಶಿಕ್ಷಣವೆಂದರೆ ಸರ್ಕಾರಿ ಪ್ರಥಮ ದರ್ಜೆ ಕಾಲೇಜು. ಅಡಿಕೆ ತೋಟದಲ್ಲಿ ಕೂಲಿ ಮಾಡುವವರ, ಮೆಕ್ಕೆಜೋಳ ಬೆಳೆಯುವ ಸಣ್ಣ ಹಿಡುವಳಿದಾರರ ಮಕ್ಕಳು, ಅದರಲ್ಲಿಯೂ ಹೆಣ್ಣುಮಕ್ಕಳು, ಬೆಳಗಿನ ಬಸ್ಸಿಗೆ ಹೋಗಿ ಸಂಜೆ ಮನೆ ಸೇರಬಹುದಾದ ದೂರದಲ್ಲಿರುವುದು ಅದೊಂದೇ. ಆ ಕಾಲೇಜುಗಳಲ್ಲಿ ಪಾಠ ಹೇಳುವವರು ಯಾರು, ಅವರ ಬದುಕು ಹೇಗಿದೆ ಎಂಬುದು ಆದ್ದರಿಂದ ಕೇವಲ ಅಧ್ಯಾಪಕರ ಸಂಘಟನೆಗಳ ಪ್ರಶ್ನೆಯಲ್ಲ.

ರಾಜ್ಯದ 400ಕ್ಕೂ ಹೆಚ್ಚು ಸರ್ಕಾರಿ ಪದವಿ ಕಾಲೇಜುಗಳಲ್ಲಿ ದುಡಿಯುತ್ತ ಬಂದ ಅತಿಥಿ ಉಪನ್ಯಾಸಕರ ಸಂಖ್ಯೆ 10 ಸಾವಿರವನ್ನು ಮೀರಿದೆ. ಕಾಲೇಜುಗಳಲ್ಲಿರುವವರನ್ನು ಕಾಲೇಜು ಶಿಕ್ಷಣ ಇಲಾಖೆ ನೇಮಿಸಿದರೆ, ಸ್ನಾತಕೋತ್ತರ ವಿಭಾಗಗಳಲ್ಲಿರುವವರನ್ನು ಆಯಾ ವಿಶ್ವವಿದ್ಯಾನಿಲಯವೇ ನೇಮಿಸಿಕೊಳ್ಳುತ್ತದೆ. ಎರಡೂ ಕಡೆ ಸ್ಥಿತಿ ಒಂದೇ. ನಮ್ಮ ದಾಸೋಹ ಪರಂಪರೆಯಲ್ಲಿ ಅತಿಥಿಯೆಂದರೆ ಮೊದಲು ಎಡೆ ಬಡಿಸಿಕೊಳ್ಳುವವನು. ಇಲ್ಲಿಯ ಅತಿಥಿಗಾದರೋ ಅಡುಗೆಯ ಕೆಲಸವೆಲ್ಲ ತನ್ನದು, ಪಂಕ್ತಿಯಲ್ಲಿ ಮಾತ್ರ ಸ್ಥಳವಿಲ್ಲ.

2022ರ ಜನವರಿಯವರೆಗೆ ಇವರ ಮಾಸಿಕ ಗೌರವಧನ ನಿಗದಿತ ಅರ್ಹತೆಯುಳ್ಳವರಿಗೆ 13 ಸಾವಿರ, ಇಲ್ಲದವರಿಗೆ 11 ಸಾವಿರ ರೂಪಾಯಿ ಇತ್ತು. ತರಗತಿ ಬಹಿಷ್ಕಾರದ ನಂತರ ಸರ್ಕಾರ ಅದನ್ನು ಅರ್ಹತೆ ಮತ್ತು ಸೇವಾವಧಿಗೆ ಅನುಗುಣವಾಗಿ 26ರಿಂದ 32 ಸಾವಿರಕ್ಕೆ ಏರಿಸಿತು. ಆದರೆ ಜೊತೆಯಲ್ಲಿಯೇ ವಾರದ ಕಾರ್ಯಭಾರವನ್ನೂ 15 ಗಂಟೆಗೆ ಏರಿಸಿತು. ಒಬ್ಬರ ಗಂಟೆಗಳು ಹೆಚ್ಚಿದಾಗ ಇನ್ನೊಬ್ಬರ ಗಂಟೆಗಳು ಇಲ್ಲವಾದವು. ಹತ್ತಾರು ವರ್ಷ ಪಾಠ ಹೇಳಿದವರೂ ಮನೆಗೆ ಮರಳಿದರು. 2023ರ ನವೆಂಬರ್‌ನಲ್ಲಿ ಸೇವೆಯ ಕಾಯಮಾತಿಗಾಗಿ ಮತ್ತೆ ಮುಷ್ಕರ ಆರಂಭವಾಯಿತು. ಸರ್ಕಾರ ಸೇವಾವಧಿಗೆ ತಕ್ಕಂತೆ 5ರಿಂದ 8 ಸಾವಿರ ರೂಪಾಯಿ ಹೆಚ್ಚಳ, ತಿಂಗಳಿಗೊಂದು ರಜೆ, ಆರೋಗ್ಯ ವಿಮೆ, ದೀರ್ಘ ಸೇವೆ ಸಲ್ಲಿಸಿ 60 ವರ್ಷ ತುಂಬಿದವರಿಗೆ 5 ಲಕ್ಷ ರೂಪಾಯಿ ಇಡಿಗಂಟು ಘೋಷಿಸಿತು. ಮೂಲ ಬೇಡಿಕೆ ಹಾಗೆಯೇ ಉಳಿಯಿತು. 2024ರ ಜನವರಿಯಲ್ಲಿ ಉಪನ್ಯಾಸಕರು ತುಮಕೂರಿನ ಸಿದ್ಧಗಂಗಾ ಮಠದಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ಅನ್ನ, ಅಕ್ಷರ, ಆಶ್ರಯಗಳನ್ನು ಒಂದೇ ಅಂಗಳದಲ್ಲಿ ನೀಡಿದ ಕ್ಷೇತ್ರದಿಂದಲೇ ಅವರು ನಡಿಗೆ ಆರಂಭಿಸಿದ್ದು ಆಕಸ್ಮಿಕವಲ್ಲವೆಂದು ನಾವು ಭಾವಿಸುತ್ತೇವೆ.

ಹಣದ ಲೆಕ್ಕವನ್ನು ಕೊಂಚ ನಿಧಾನವಾಗಿ ನೋಡಬೇಕು. ಯುಜಿಸಿಯ 2018ರ ನಿಯಮಾವಳಿಯಂತೆ ಕಾಯಂ ಸಹಾಯಕ ಪ್ರಾಧ್ಯಾಪಕರ ಬೋಧನಾ ಅವಧಿ ವಾರಕ್ಕೆ 16 ಗಂಟೆ. ಅವರ ಆರಂಭಿಕ ಮೂಲವೇತನವೇ 57,700 ರೂಪಾಯಿ, ಭತ್ಯೆಗಳು ಬೇರೆ. ಅತಿಥಿ ಉಪನ್ಯಾಸಕರದು 15 ಗಂಟೆ. ಒಂದು ಗಂಟೆಯ ಅಂತರಕ್ಕೆ ಅರ್ಧಕ್ಕಿಂತ ಹೆಚ್ಚು ಸಂಬಳ ಕಡಿತವಾಗುವುದು ಯಾವ ತಕ್ಕಡಿಯ ತೂಕ? 2019ರಲ್ಲಿ ಅದೇ ಆಯೋಗ ಅತಿಥಿ ಬೋಧಕರಿಗೆ ಪ್ರತಿ ಉಪನ್ಯಾಸಕ್ಕೆ 1,500 ರೂಪಾಯಿಯಂತೆ ತಿಂಗಳಿಗೆ 50 ಸಾವಿರದವರೆಗೆ ನೀಡಬಹುದೆಂದು ಹೇಳಿತು. 2018ರ ನಿಯಮಾವಳಿಯು ಗುತ್ತಿಗೆ ನೇಮಕ ಒಟ್ಟು ಹುದ್ದೆಗಳ ಶೇ 10ನ್ನು ಮೀರಬಾರದು, ಅವರ ಸಂಬಳ ಕಾಯಂ ಸಹಾಯಕ ಪ್ರಾಧ್ಯಾಪಕರಿಗಿಂತ ಕಡಿಮೆಯಿರಬಾರದು ಎಂದೂ ಹೇಳುತ್ತದೆ. ನಿಯಮಾವಳಿಯಲ್ಲಿನ ಅರ್ಹತೆಯ ಷರತ್ತನ್ನು ಉಪನ್ಯಾಸಕರ ಮೇಲೆ ಕಟ್ಟುನಿಟ್ಟಾಗಿ ಹೇರುವವರು, ಸಂಬಳದ ಷರತ್ತು ಬಂದಾಗ ಆರ್ಥಿಕ ಇತಿಮಿತಿಯನ್ನು ಮುಂದಿಡುತ್ತಾರೆ. ಅರ್ಹತೆ ಬೇಡವೆಂದು ನಾವು ಹೇಳುತ್ತಿಲ್ಲ. ಒಂದೇ ಪುಸ್ತಕದ ಒಂದು ಪುಟವನ್ನು ಓದಿ ಇನ್ನೊಂದನ್ನು ಮಡಚಿಡುವುದು ನ್ಯಾಯವಲ್ಲ ಎನ್ನುತ್ತಿದ್ದೇವೆ.

ನಮ್ಮ ನೆರೆಯ ಹೊಳಲ್ಕೆರೆ ತಾಲ್ಲೂಕಿನ ನುಲೇನೂರನ್ನು ಶರಣ ನುಲಿಯ ಚಂದಯ್ಯನವರ ಐಕ್ಯಸ್ಥಳವೆಂದು ಜನ ನಂಬಿ ನಡೆದುಕೊಳ್ಳುತ್ತಾರೆ. ಹುಲ್ಲಿನ ಹಗ್ಗ ಹೊಸೆದು ಮಾರಿ, ಬಂದುದರಲ್ಲಿ ಜಂಗಮ ದಾಸೋಹ ನಡೆಸಿದ ಆ ಶರಣರು ಹಗ್ಗದ ನ್ಯಾಯವಾದ ಬೆಲೆಗಿಂತ ಹೆಚ್ಚಿನ ಹಣ ಬಂದಾಗ ಒಪ್ಪಲಿಲ್ಲವೆಂಬ ಐತಿಹ್ಯ ಪ್ರಸಿದ್ಧ. ಈ ಕಥೆಯನ್ನು ದುಡಿಯುವವನಿಗೆ ಸಂತೃಪ್ತಿಯ ಪಾಠ ಹೇಳಲು ಬಳಸುವವರೇ ಹೆಚ್ಚು. ಆದರೆ ಅದರಲ್ಲಿ ದುಡಿಸಿಕೊಳ್ಳುವವನಿಗೂ ಒಂದು ಅಳತೆಯಿದೆ: ಕಾಯಕಕ್ಕೆ ತಕ್ಕ ಬೆಲೆಯೆಂಬುದೊಂದು ಉಂಟು, ಅದಕ್ಕಿಂತ ಹೆಚ್ಚು ಪಡೆಯುವುದು ದೋಷವಾದರೆ ಕಡಿಮೆ ಕೊಡುವುದೂ ದೋಷವೇ. ಮಠಮಾನ್ಯಗಳು ನಡೆಸುವ ಅನುದಾನರಹಿತ ಕಾಲೇಜುಗಳಿಗೂ ಇದೇ ಅಳತೆ ಅನ್ವಯಿಸುತ್ತದೆ.

ಸಂಬಳದಷ್ಟೇ ಮುಖ್ಯವಾದ, ಆದರೆ ಕಡಿಮೆ ಚರ್ಚೆಯಾದ ಇನ್ನೊಂದು ವಿಷಯ ಆಡಳಿತದಲ್ಲಿ ಪಾಲು. 2009ರಲ್ಲಿ ಕುವೆಂಪು ವಿಶ್ವವಿದ್ಯಾನಿಲಯದಿಂದ ಬೇರ್ಪಟ್ಟು ತೋಳಹುಣಸೆಯ ಶಿವಗಂಗೋತ್ರಿಯಲ್ಲಿ ನೆಲೆಗೊಂಡ ದಾವಣಗೆರೆ ವಿಶ್ವವಿದ್ಯಾನಿಲಯವೂ ಸೇರಿ, ರಾಜ್ಯದ ವಿಶ್ವವಿದ್ಯಾನಿಲಯಗಳು 2000ದ ಕಾಯ್ದೆಯಂತೆ ಸಿಂಡಿಕೇಟ್, ವಿದ್ಯಾವಿಷಯಕ ಪರಿಷತ್ತು, ಅಧ್ಯಯನ ಮಂಡಳಿಗಳ ಮೂಲಕ ನಡೆಯುತ್ತವೆ. ಪಠ್ಯ, ಪರೀಕ್ಷೆಗಳ ತೀರ್ಮಾನವಾಗುವುದು ಅಲ್ಲಿ. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿಯಂತೆ ನಾಲ್ಕು ವರ್ಷಗಳ ಪದವಿ ಬಂತು; 2024ರಲ್ಲಿ ಮತ್ತೆ ಮೂರು ವರ್ಷದ ಪದ್ಧತಿಗೆ ಮರಳಲಾಯಿತು. ಎರಡು ಬಾರಿಯೂ ಹೊಸ ಪತ್ರಿಕೆಗಳನ್ನು ಪುಸ್ತಕವೇ ಇಲ್ಲದೆ ಗ್ರಾಮೀಣ ತರಗತಿಗಳಲ್ಲಿ ಬೋಧಿಸಿದವರಲ್ಲಿ ಬಹುಪಾಲು ಅತಿಥಿ ಉಪನ್ಯಾಸಕರು. ಅವರ ಮಾತಿಗೆ ಆ ಮಂಡಳಿಗಳಲ್ಲಿ ಆಸನವಿರಲಿಲ್ಲ. ಅನುಭವ ಮಂಟಪದಲ್ಲಿ ಅಂಬಿಗರಿಗೂ ಸೂಳೆಸಂಕವ್ವೆಯಂತಹವರಿಗೂ ದನಿಯಿತ್ತೆಂದು ಹೆಮ್ಮೆಪಡುವ ನಾಡಿನಲ್ಲಿ ಇದು ಸಣ್ಣ ಕೊರತೆಯಲ್ಲ.

ಯುಜಿಸಿ 2025ರ ಜನವರಿಯಲ್ಲಿ ಹೊರಡಿಸಿದ ಕರಡು ನಿಯಮಾವಳಿಯನ್ನು ನಮ್ಮ ರಾಜ್ಯ ಕುಲಪತಿಗಳ ಆಯ್ಕೆಯ ಪ್ರಶ್ನೆಯ ಮೇಲೆ ವಿರೋಧಿಸಿತು. ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲಿ ಹಲವು ರಾಜ್ಯಗಳ ಸಚಿವರ ಸಮಾವೇಶವನ್ನೂ ನಡೆಸಿತು. ಆ ವಿರೋಧ ಸಕಾರಣವಾದುದೇ. ಆದರೆ ಅದೇ ಕರಡು ಗುತ್ತಿಗೆ ನೇಮಕದ ಶೇ 10ರ ಮಿತಿಯನ್ನು ಕೈಬಿಟ್ಟಿತ್ತು. ಕುಲಪತಿಯ ಪೀಠಕ್ಕೆ ಎದ್ದಷ್ಟು ದನಿ ಉಪನ್ಯಾಸಕರ ಕುರ್ಚಿಗೆ ಏಳಲಿಲ್ಲ.

ಕಾಯಮಾತಿಗೆ ಕಾನೂನಿನ ತೊಡಕಿದೆ ಎಂಬ ಸರ್ಕಾರದ ಮಾತು ಸುಳ್ಳಲ್ಲ. ಕರ್ನಾಟಕದಿಂದಲೇ ಹೋದ ಉಮಾದೇವಿ ಪ್ರಕರಣದಲ್ಲಿ 2006ರಲ್ಲಿ ಸುಪ್ರೀಂ ಕೋರ್ಟ್ ಹಿಂಬಾಗಿಲ ನೇಮಕಗಳ ಸಕ್ರಮವನ್ನು ತಡೆಯಿತು. ಆದರೆ ಆ ತೀರ್ಪನ್ನು ದೀರ್ಘಕಾಲ ದುಡಿದವರ ಶೋಷಣೆಗೆ ಗುರಾಣಿ ಮಾಡಿಕೊಳ್ಳಬಾರದೆಂದು 2024ರ ಡಿಸೆಂಬರ್‌ನಲ್ಲಿ ಅದೇ ನ್ಯಾಯಾಲಯ ಹೇಳಿದೆ. 2025ರ ಆಗಸ್ಟ್‌ನಲ್ಲಿ ಗುಜರಾತಿನ ಗುತ್ತಿಗೆ ಸಹಾಯಕ ಪ್ರಾಧ್ಯಾಪಕರ ಪ್ರಕರಣದಲ್ಲಿ, ಸಭೆಗಳಲ್ಲಿ ಗುರುವಿನ ಶ್ಲೋಕ ಹೇಳಿದರೆ ಸಾಲದು, ಅದು ಅಧ್ಯಾಪಕರನ್ನು ನಡೆಸಿಕೊಳ್ಳುವ ರೀತಿಯಲ್ಲಿ ಕಾಣಬೇಕು ಎಂಬರ್ಥದ ಮಾತನ್ನೂ ಆಡಿದೆ. ಇನ್ನು ಕಾಯಂ ನೇಮಕಾತಿಯ ಗತಿ ನೋಡಿ: 1,242 ಸಹಾಯಕ ಪ್ರಾಧ್ಯಾಪಕ ಹುದ್ದೆಗಳಿಗೆ 2021ರಲ್ಲಿ ಅಧಿಸೂಚನೆ ಹೊರಟು 2022ರ ಮಾರ್ಚ್‌ನಲ್ಲಿ ಪರೀಕ್ಷೆ ನಡೆದರೂ ಆದೇಶಗಳಿಗಾಗಿ ಅಭ್ಯರ್ಥಿಗಳು ದೀರ್ಘಕಾಲ ಕಾಯಬೇಕಾಯಿತು.

ಕಾಯಮಾತಿಯ ವ್ಯಾಜ್ಯ ಮುಗಿಯುವವರೆಗೆ ಕಾಯದೆ ಮಾಡಬಹುದಾದ ಕೆಲಸಗಳಿವೆ. ಕೌನ್ಸೆಲಿಂಗ್ ತರಗತಿಗಳ ಆರಂಭಕ್ಕೆ ಮುನ್ನವೇ ಮುಗಿಯಲಿ. ಸೆಮಿಸ್ಟರ್‌ಗಳ ನಡುವಿನ ತಿಂಗಳುಗಳಿಗೂ ಗೌರವಧನ ದೊರೆಯಲಿ. ಹತ್ತು ವರ್ಷ ಬೋಧಿಸಿದವರಿಗೆ ಅಧ್ಯಯನ ಮಂಡಳಿಯಲ್ಲಿ ಒಂದಾದರೂ ಸ್ಥಾನವಿರಲಿ. ಇವುಗಳಲ್ಲಿ ಮೊದಲನೆಯದಕ್ಕೆ ಹೊಸ ಹಣವೂ ಬೇಕಿಲ್ಲ, ಹೊಸ ಕಾಯ್ದೆಯೂ ಬೇಕಿಲ್ಲ; ಇಲಾಖೆಯ ಒಂದು ಸುತ್ತೋಲೆ ಸಾಕು.