ಮಾಥೆರಾನಿಗೆ ಮಳೆಗಾಲವೂ ಇದೆ

ಸಾನಪಾಡಾದಿಂದ ಠಾಣೆಗೆ, ಅಲ್ಲಿಂದ ಕರ್ಜತ್ ಲೋಕಲಿನಲ್ಲಿ ನೇರಳಿಗೆ ಹೋಗಿ ಮಾಥೆರಾನ್ ಏರುವ ನಮ್ಮಲ್ಲಿ ಹೆಚ್ಚಿನವರು ಮೇ ತಿಂಗಳ ಯಾತ್ರಿಕರು. ಮಕ್ಕಳಿಗೆ ರಜೆ, ಕೆಳಗೆ ಬೆವರು, ಮೇಲೆ ಸುಮಾರು 800 ಮೀಟರ್ ಎತ್ತರದಲ್ಲಿ ತಣ್ಣೆಳಲು. ಠಾಣೆಯ ಕಲೆಕ್ಟರ್ ಹ್ಯೂ ಮ್ಯಾಲೆಟ್ ಈ ಬೆಟ್ಟವನ್ನು 'ಕಂಡುಹಿಡಿದದ್ದೂ' 1850ರ ಮೇ ತಿಂಗಳಲ್ಲೇ. (ಅದಕ್ಕೂ ಮೊದಲೇ ಅಲ್ಲಿನ ಕಾಡನ್ನು ಬಲ್ಲ ಠಾಕರರು, ಧನಗರರು ಇದ್ದರೆಂಬುದು ಬೇರೆ ಮಾತು.) ಹೀಗೆ ಆ ಊರಿನ ಚರಿತ್ರೆಯೇ ಪ್ರವಾಸಿಗನ ಬೇಸಿಗೆಯಿಂದ ಆರಂಭವಾಗಿಬಿಟ್ಟಿದೆ.

ಆಲ್ಪ್ಸ್ ಪರ್ವತದ ಹಳ್ಳಿಗೆ ಹಿಮ ಹೇಗೋ, ಸಹ್ಯಾದ್ರಿಯ ನೆತ್ತಿಯ ಈ ಊರಿಗೆ ಮಳೆ ಹಾಗೆ. ಜೂನ್ ಬಂತೆಂದರೆ ನೇರಳಿನಿಂದ ಏರುವ ಪುಟಾಣಿ ರೈಲು ನಿಲ್ಲುತ್ತದೆ. ಅಮನ್ ಲಾಜ್‌ನಿಂದ ಪೇಟೆಯವರೆಗಿನ ತುಂಡು ಓಡಾಟವಷ್ಟೇ ಉಳಿಯುತ್ತದೆ. ಮನೆಗಳ ಮುಂದೆ ತಟ್ಟಿಯೋ ಪ್ಲಾಸ್ಟಿಕ್ ಹಾಳೆಯೋ ಏರುತ್ತದೆ. ಕೆಂಪು ಜಂಬಿಟ್ಟಿಗೆಯ ದಾರಿಗಳು ತೊರೆಗಳಾಗುತ್ತವೆ. ಆಟಿ ತಿಂಗಳಿಗೆಂದು ಅಟ್ಟ ತುಂಬಿಸಿಟ್ಟ ಮನೆಗಳಿಂದ ಬಂದ ಕರಾವಳಿಯ ನಮಗೆ ಈ ಸಿದ್ಧತೆಯ ಅರ್ಥ ಯಾರೂ ಹೇಳಿಕೊಡಬೇಕಾಗಿಲ್ಲ. ಆದರೂ 'ಮೋಟಾರನ್ನು ಪೇಟೆಯವರೆಗೆ ಬಿಡಬಾರದೇಕೆ?' ಎಂದು ದಸ್ತೂರಿ ನಾಕಾದಲ್ಲಿ ಕಾರು ನಿಲ್ಲಿಸಿ ಗೊಣಗುವವರಲ್ಲಿ ನಮ್ಮವರೂ ಇದ್ದಾರೆ.

ಬಿಡಬಾರದು ಎಂಬುದೇ ನಮ್ಮ ಅಭಿಪ್ರಾಯ. ಆದರೆ ಆ ನಿಷೇಧದ ಬೆಲೆಯನ್ನು ಇದುವರೆಗೆ ತೆತ್ತವರು ನಾವಲ್ಲ. ನಮ್ಮ ಪೆಟ್ಟಿಗೆಗಳನ್ನು ಹೊತ್ತವರು, ನಮ್ಮನ್ನು ಕೂರಿಸಿಕೊಂಡು ಕೈಗಾಡಿ ಎಳೆದವರು ತೆತ್ತಿದ್ದಾರೆ. 2025ರ ಆಗಸ್ಟ್‌ನಲ್ಲಿ ಸರ್ವೋಚ್ಚ ನ್ಯಾಯಾಲಯ ಆ ಕೈಗಾಡಿಗಳನ್ನು ಆರು ತಿಂಗಳೊಳಗೆ ಕೊನೆಗಾಣಿಸಿ, ಎಳೆಯುವವರಿಗೆ ಇ-ರಿಕ್ಷಾದ ಮೂಲಕ ಬದುಕು ಕಲ್ಪಿಸಬೇಕೆಂದು ಆದೇಶಿಸಿತು. ನೋಟ ಕೆಡುತ್ತದೆಂದು ಇ-ರಿಕ್ಷಾಕ್ಕೆ ಮೂಗು ಮುರಿಯುವ ಪ್ರವಾಸಿ, ಮನುಷ್ಯನು ಮನುಷ್ಯನನ್ನು ಎಳೆಯುವ ನೋಟವನ್ನು ಇಷ್ಟು ವರ್ಷ ಹೇಗೆ ಸಹಿಸಿದನೋ!

ಸ್ವಿಟ್ಜರ್ಲೆಂಡಿನ ಝೆರ್ಮಾಟ್ ಕೂಡ ಕಾರಿಲ್ಲದ ಊರು. ಪ್ರವಾಸಿಗರು ಕೆಳಗಿನ ಟೇಶ್‌ನಲ್ಲಿ ಕಾರು ಬಿಟ್ಟು ರೈಲು ಹತ್ತುತ್ತಾರೆ. ಊರೊಳಗೆ ಓಡುವುದು ವಿದ್ಯುತ್ ಬಂಡಿಗಳು. 1891ರಲ್ಲಿ ಆರಂಭವಾದ ಅದರ ರೈಲೂ ಮೊದಲ ಕೆಲವು ದಶಕಗಳ ಕಾಲ ಬೇಸಿಗೆಯಲ್ಲಷ್ಟೇ ಓಡುತ್ತಿತ್ತು. ಆಮೇಲೆ ಹಿಮಪಾತ ತಡೆಯುವ ಮಾಡುಗಳನ್ನು ಹಳಿಯ ಮೇಲೆ ಕಟ್ಟಿ ಅದನ್ನು ವರ್ಷವಿಡೀ ಓಡುವಂತೆ ಮಾಡಿದರು. ಅಂದರೆ ಊರನ್ನು ಅದರ ಕಷ್ಟದ ಋತುವಿನಿಂದ ಅಳೆದರು.

ಪೀರ್‌ಭಾಯ್ ಮನೆತನದವರ ಸಾಹಸದಿಂದ 1907ರಲ್ಲಿ ಓಡತೊಡಗಿದ ನಮ್ಮ 21 ಕಿಲೋಮೀಟರಿನ ಹಳಿ ಮಾತ್ರ ಇಂದಿಗೂ ಮೇ ತಿಂಗಳ ಆಟಿಕೆ. 2019ರ ಮಳೆಗೆ ಕೊಚ್ಚಿಹೋದದ್ದು ಮತ್ತೆ ಮೇಲೇರಿದ್ದು 2022ರಲ್ಲಿ. ಗುಡ್ಡದ ಬದಿಗೆ ಬಲೆ, ನೀರಿಗೆ ಸರಿಯಾದ ಚರಂಡಿ, ಸಡಿಲ ಮಣ್ಣಿಗೆ ತಡೆಗೋಡೆ: ಇವು ಕೊಂಕಣ ರೈಲ್ವೆಯಲ್ಲಿ ವರ್ಷ ವರ್ಷ ಊರಿಗೆ ಹೋಗಿಬರುವ ನಾವು ಕಿಟಕಿಯಿಂದಲೇ ಕಂಡ ಕೆಲಸಗಳು. ಪುಟ್ಟ ಹಳಿಯ ಕಡಿದಾದ ಏರಿನಲ್ಲಿ ಖರ್ಚು ಹೆಚ್ಚಾದೀತು, ನಿಜ. ಆ ಖರ್ಚನ್ನು ನಮ್ಮ ಟಿಕೇಟಿನ ಮೇಲೆ ಹಾಕಲಿ. ಜುಲೈಯಲ್ಲಿ ಕೆಳಗಿಳಿಯಬೇಕಾದ ಅಲ್ಲಿನ ರೋಗಿಗೆ, ಕಾಲೇಜಿನ ಹುಡುಗಿಗೆ ರೈಲು ಸಿಗಲಿ.