ಚುಕ್ಕಿ ನುಂಗಿದ 33 ಗುಂಟೆ

ಕುಂದಗೋಳ ಕಡೆ ಹೊಲ ಲಾವಣಿಗೆ ಕೊಡುವ ಮಾತು ಬಂತೆಂದರೆ ಈಗ ಎಲ್ಲರ ಕೈ ಮೊಬೈಲ್ ಕ್ಯಾಲ್ಕುಲೇಟರಿಗೆ ಹೋಗುತ್ತದೆ. ಒಂದು ಉತಾರದಲ್ಲಿ 1 ಎಕರೆ 30 ಗುಂಟೆ, ಇನ್ನೊಂದರಲ್ಲಿ 2 ಎಕರೆ 25 ಗುಂಟೆ ಅಂತ ಇಟ್ಟುಕೊಳ್ಳಿ. 1.30ಕ್ಕೆ 2.25 ಕೂಡಿಸಿದರೆ ಮೊಬೈಲ್ 3.55 ಅನ್ನುತ್ತದೆ. "ಮೂರೂವರೆ ಎಕರೆ, ಮ್ಯಾಲ ಸ್ವಲ್ಪ" ಅಂತ ಮಾತು ಮುಗಿಯುತ್ತದೆ.

ಮೊಬೈಲಿಗೆ ಗೊತ್ತಿರುವುದು ನೂರರ ಲೆಕ್ಕ, ಹೊಲದ್ದು ನಲವತ್ತರ ಲೆಕ್ಕ. 30 ಮತ್ತು 25 ಕೂಡಿದರೆ 55 ಗುಂಟೆ. ಅದರಲ್ಲಿ 40 ತೆಗೆದು ಒಂದು ಎಕರೆ ಮಾಡಿದರೆ ಉಳಿದದ್ದು 15. ಒಟ್ಟು 4 ಎಕರೆ 15 ಗುಂಟೆ. ಮೊಬೈಲ್ ಹೇಳಿದ 3.55 ಎಕರೆ ಅಂದರೆ 3 ಎಕರೆ 22 ಗುಂಟೆ ಅಷ್ಟೇ. 33 ಗುಂಟೆ ಮಾತಿನಲ್ಲೇ ಮಾಯ! ಎಕರೆಗೆ 20 ಸಾವಿರ ಲಾವಣಿ ಹಿಡಿದರೂ 16,500 ರೂಪಾಯಿ. ಹೆಸರು, ಮೆಣಸಿನಕಾಯಿ ಬೆಳೆದು ಇಷ್ಟು ಉಳಿಸುವುದು ಎಂಥ ಕೆಲಸ ಅಂತ ನಾವು ನಿಮಗೆ ಹೇಳಬೇಕಿಲ್ಲ.

ಓದಿಲ್ಲದವರ ಸಮಸ್ಯೆ ಇದು ಅನ್ನುವ ಮಾತನ್ನು ನಾವು ಒಪ್ಪುವುದಿಲ್ಲ. ಸಾಲಿ ಮೆಟ್ಟಿಲು ಹತ್ತದ ಅಜ್ಜ ಬೆರಳ ಮೇಲೆ ಹೇಳುತ್ತಾರೆ: "ಒಂದೂಮುಕ್ಕಾಲು, ಎರಡೂವರೆ, ಕೂಡಿ ನಾಕೂಕಾಲು. ಮ್ಯಾಲ ಐದು ಗುಂಟೆ." ತಪ್ಪುವವರು ಡಿಗ್ರಿ ಮುಗಿಸಿದ ಹುಡುಗರು.

ಸಾಲಿಯಲ್ಲಿ ಕಲಿಸಿಲ್ಲವೇ? ಕಲಿಸಿದ್ದಾರೆ, ಮಿಶ್ರ ಭಿನ್ನರಾಶಿ ಅಂತ ಹೆಸರಿಟ್ಟು. ಎನ್‌ಸಿಇಆರ್‌ಟಿಯ ಹಳೆಯ ಆರನೇ ತರಗತಿ ಪುಸ್ತಕದಲ್ಲಿ ಒಬ್ಬಳಿಗೆ ಒಂದೂವರೆ ತುಂಡು ಕೇಕ್, ಇನ್ನೊಬ್ಬಳಿಗೆ ಒಂದು ಪೂರ್ಣ ಮೂರನೇ ಒಂದು ತುಂಡು ಕೊಟ್ಟು ಒಟ್ಟು ಎಷ್ಟು ಅಂತ ಕೇಳಿದ್ದರು. ಲಸಾಅ ತೆಗೆದು ಎರಡು ಪೂರ್ಣ ಆರನೇ ಐದು ಅಂತ ಬರೆದರೆ ಮಾರ್ಕ್ಸು. ಕೇಕ್ ಹಾಗೆ ಯಾರು ಕೊಯ್ಯುತ್ತಾರೋ! ಮನೆಯಲ್ಲಿ ದೀಡ, ಅಡೀಚ, ಪಾವಕಿಲೋ ಅನ್ನುವ ಮಗುವಿಗೆ, ಇದೂ ಅದೇ ಲೆಕ್ಕ ಅಂತ ಯಾರೂ ಹೇಳುವುದಿಲ್ಲ.

ಸರ್ಕಾರವೂ ಕಡಿಮೆಯಿಲ್ಲ. ಉತಾರ ಎಕರೆ-ಗುಂಟೆಯಲ್ಲಿ, ಬೆಳೆಹಾನಿ ಪರಿಹಾರದ ಮಿತಿ 2 ಹೆಕ್ಟೇರ್. ಅದು 4.94 ಎಕರೆ, ಅಂದರೆ 4 ಎಕರೆ 37 ಗುಂಟೆ, ಮೇಲೆ ಚೂರು. ಎರಡನ್ನೂ ಅಕ್ಕಪಕ್ಕ ಅಚ್ಚು ಹಾಕಿ ತೋರಿಸಲು ಏನು ಕಷ್ಟ?

ಮಾಸ್ತರರೇ, ಅಕ್ಕೋರೇ, ಕೇಕ್ ಬಿಡ್ರಿ. ಮಕ್ಕಳಿಂದ ಮನೆಯ ಉತಾರದ ಜೆರಾಕ್ಸ್ ತರಿಸ್ರಿ. ಆಣೆಯನ್ನೂ ಬಿಡಬ್ಯಾಡ್ರಿ, 16 ಆಣೆಗೆ ಒಂದು ಗುಂಟೆ. ಹೊಲವಿಲ್ಲದ ಮನೆಯ ಮಗು ಅವ್ವನ ಕೂಲಿ ಲೆಕ್ಕ ತರಲಿ: ಈ ವಾರ ಮೂರೂವರೆ ದಿನ, ಹೋದ ವಾರ ಎರಡೂವರೆ.

ಓದುಗರೇ, ನೀವು ಲಾವಣಿ ಕಾಗದಕ್ಕೆ ಸಹಿ ಹಾಕುವ ಮುಂಚೆ ಗುಂಟೆಗಳನ್ನು ಬೇರೆಯಾಗಿ ಕೂಡಿಸಿ. 40 ದಾಟಿದರೆ ಒಂದು ಎಕರೆ ದಶಕದ ಹಾಗೆ ಎಡಕ್ಕೆ ಕಳಿಸಿ.